ಕಂಪ್ಯೂಟರಿಗೊಂದು ನಡುಹಲಗೆ

ಬೋರಲಿಂಗಯ್ಯನ ಮೇಲೆ ನನಗೆ ಬಂದ ಸಿಟ್ಟು ನ್ಯಾಯವಾದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಪೂರ್ತಿ ಕೇಳಿದವರೆಲ್ಲ ಕೊನೆಗೆ ಅವನ ಕಡೆಗೇ ವಾಲುತ್ತಾರೆ. ಹನ್ನೊಂದು ವರ್ಷದಿಂದ ನಾನೂ ಅವನೂ ಊರ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತು ಗುಮಾಸ್ತಿಕೆ ಮಾಡುತ್ತಿದ್ದೇವೆ. ಒಂದೇ ಮೇಜು, ಒಂದೇ ಬೀಗದಕೈ, ಒಂದೇ ರಿಜಿಸ್ಟರು. ಆದರೆ ಒಂದು ದಿನವೂ ಎದುರುಬದುರು ನಿಂತು ಮಾತಾಡಿಲ್ಲ. ನಾನು ಎದ್ದಿರುವ ದಿನ ಅವನು ಮಲಗಿರುತ್ತಾನೆ, ಅವನು ಎದ್ದಿರುವ ದಿನ ನಾನು ಮಲಗಿರುತ್ತೇನೆ.

ನಮ್ಮೂರೇ ಹಾಗೆ. ಅರ್ಧ ಊರು ಒಂದು ದಿನ ಏಳುತ್ತದೆ, ಇನ್ನರ್ಧ ಮರುದಿನ ಏಳುತ್ತದೆ. ಕತ್ತಲಾದ ಮೇಲೆ ಎಲ್ಲರೂ ಮಲಗುತ್ತೇವೆ. ಬೆಳಗ್ಗೆ ಕೋಳಿ ಕೂಗಿದಾಗ ಸರದಿ ಯಾರದೋ ಅವರಿಗೆ ಮಾತ್ರ ಎಚ್ಚರವಾಗುತ್ತದೆ. ಉಳಿದವರ ಕಿವಿಯ ಹತ್ತಿರ ತಮಟೆ ಬಡಿದರೂ ಅವರು ಏಳುವುದಿಲ್ಲ. ಹೀಗಾಗಿ ಒಂದೊಂದು ಮನೆಗೂ ಎರಡೆರಡು ಸಂಸಾರ, ಎರಡಕ್ಕೂ ಸೇರಿ ಒಂದೇ ಒಲೆ, ಒಂದೇ ಒರಳು. ಅಕ್ಕಿ ಪೆಟ್ಟಿಗೆಯಲ್ಲಿ, ಬಟ್ಟೆ ಬೀರುವಿನಲ್ಲಿ, ಅಡುಗೆಮನೆಯ ಗೂಡಿನಲ್ಲಿ ನಡುವೆ ಒಂದು ಹಲಗೆ ನಿಲ್ಲಿಸಿರುತ್ತೇವೆ. ಅದಕ್ಕೆ ನಡುಹಲಗೆ ಎನ್ನುತ್ತೇವೆ. ಈಚೆಗಿನದು ನಮ್ಮದು, ಆಚೆಗಿನದು ಅವರದು. ಹಸಿವಿನಿಂದ ಹೊಟ್ಟೆ ಬೆನ್ನಿಗೆ ಹತ್ತಿದರೂ ನಡುಹಲಗೆ ಸರಿಸುವಂತಿಲ್ಲ. ಸರಿಸಿದವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ತರುವುದೂ ಇಲ್ಲ.

ಇನ್ನೊಂದು ಕಟ್ಟಳೆ ಶುಚಿಯದು. ಎದ್ದವರು ತಮ್ಮ ಕೆಲಸಕ್ಕೆ ಕೈ ಹಾಕುವ ಮೊದಲು ಹಿಂದಿನ ದಿನದವರ ಬೂದಿ, ಕಸ, ಕೂದಲು ಏನೂ ಉಳಿಯದ ಹಾಗೆ ಒಲೆ ಸಾರಿಸಬೇಕು, ಕಟ್ಟೆ ತೊಳೆಯಬೇಕು. ಇದು ಅಸಹ್ಯಕ್ಕೆ ಮಾಡುವುದಲ್ಲ, ಮರ್ಯಾದೆಗೆ ಮಾಡುವುದು. ನಿಮ್ಮ ಮನೆಯ ಗುಟ್ಟನ್ನು ನಾನು ಕಣ್ಣೆತ್ತಿಯೂ ನೋಡಲಿಲ್ಲ ಎಂದು ತೋರಿಸುವ ರೀತಿ ಅದು. ಒಬ್ಬರಿಗೊಬ್ಬರು ಬರೆದಿಡುವ ಚೀಟಿಯ ಕೊನೆಯ ಸಾಲು ಯಾವಾಗಲೂ ಒಂದೇ: 'ಶುಚಿ ಮಾಡಿಕೊಂಡು ಕೂರುವುದು.' ಬೇರೆ ಕಡೆಯವರು ಕಾಗದದಲ್ಲಿ ಕ್ಷೇಮ ಎಂದು ಬರೆಯುತ್ತಾರಲ್ಲ, ಹಾಗೆ ಅದನ್ನು ಕೈ ತಾನಾಗಿ ಬರೆದುಬಿಡುತ್ತದೆ.

ನನಗೆ ಈ ಕಟ್ಟಳೆಗಳನ್ನು ಕಂಡರೆ ಮೈ ಉರಿಯಲು ಶುರುವಾದದ್ದು ನನ್ನ ಮಗಳು ಹೊನ್ನಿ ಹೊರಳಿದ ಮೇಲೆ. ಹೊರಳುವುದು ಎಂದರೆ ಏಳುವ ದಿನ ಬದಲಾಗುವುದು. ಅಪರೂಪಕ್ಕೆ, ದೊಡ್ಡ ಜ್ವರ ಬಂದ ಮಕ್ಕಳಿಗೆ ಹೀಗಾಗುತ್ತದೆ. ಹೊನ್ನಿಗೆ ಆಗ ನಾಲ್ಕು ವರ್ಷ. ಮೂರು ಸರದಿ ಜ್ವರದಲ್ಲಿ ಬೆಂದಳು. ನಾಲ್ಕನೆಯ ಸರದಿಯ ಬೆಳಗ್ಗೆ ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು. ನಾನು ದೇವರಿಗೆ ಕೈಮುಗಿದೆ. ಆದರೆ ಅವಳು ಏಳಲಿಲ್ಲ. ಮುಂದಿನ ಸರದಿಗೂ ಏಳಲಿಲ್ಲ. ಅವಳ ತಲೆಗೆ ಯಾರೋ ಎಣ್ಣೆ ಹಚ್ಚಿದ್ದರು, ತುಟಿಯ ಬದಿಗೆ ಬೆಲ್ಲದ ಅಂಟು ಇತ್ತು. ನಮ್ಮ ಮನೆಯ ಆಚೆ ದಿನದ ಸಂಸಾರದ ಹೆಂಗಸು ಈರಮ್ಮ ಗೂಡಿನಲ್ಲಿ ಚೀಟಿ ಇಟ್ಟಿದ್ದಳು: 'ಮಗು ನಮ್ಮ ದಿನ ಎದ್ದಿತು. ಉಂಡಿತು. ಶುಚಿ ಮಾಡಿಕೊಂಡು ಕೂರುವುದು.'

ಅದಾಗಿ ಎರಡು ವರ್ಷ. ಮಗಳನ್ನು ನನ್ನ ಚಾಪೆಯ ಮೇಲೇ ಮಲಗಿಸಿಕೊಳ್ಳುತ್ತೇನೆ. ಅವಳ ಕಾಲು ಉದ್ದವಾದದ್ದು ನನಗೆ ಗೊತ್ತು, ಮುಂದಿನ ಎರಡು ಹಲ್ಲು ಬಿದ್ದದ್ದು ಗೊತ್ತು, ಮೊಣಕಾಲಿನ ಗಾಯ ಒಣಗಿದ್ದು ಗೊತ್ತು. ಅವಳ ದನಿ ಮಾತ್ರ ಗೊತ್ತಿಲ್ಲ. ನಾಲ್ಕು ವರ್ಷದವಳಿದ್ದಾಗಿನ ದನಿ ನೆನಪಿನಲ್ಲಿತ್ತು, ಅದೂ ಸೋಪು ಸವೆದ ಹಾಗೆ ಸವೆಯುತ್ತ ಬಂತು. ಮಗು ಏನೇನು ಮಾತಾಡುತ್ತದೆ ಬರೆಯಮ್ಮಾ ಎಂದು ನಾನು ಈರಮ್ಮನಿಗೆ ಚೀಟಿ ಇಟ್ಟರೆ, 'ಚೆನ್ನಾಗಿ ಮಾತಾಡುತ್ತದೆ' ಎಂದು ಉತ್ತರ. ಅವಳನ್ನು ಅಂದು ಏನು ಪ್ರಯೋಜನ? ಮನೆಯ ಚೀಟಿ ನಾಲ್ಕು ಸಾಲು ದಾಟಬಾರದು ಎಂದು ಎರಡೂ ದಿನದ ಸಮಿತಿಗಳು ಕಟ್ಟುಮಾಡಿವೆ, ಅದರಲ್ಲೂ ಒಂದು ಸಾಲು ಶುಚಿಗೆ ಹೋಗುತ್ತದೆ. ಹೆತ್ತವಳು ನಾನು, ಮಾತು ಕೇಳುವವಳು ಅವಳು. ನನ್ನ ಗಂಡ ಚೌಡಯ್ಯ, ಜೀವ ಉಳೀತಲ್ಲ ಸಾಕು ಬಿಡು ಎನ್ನುತ್ತಾನೆ. ನನಗೆ ಸಾಕಾಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಮೇಲಿನವರು ಕಳಿಸಿದ್ದು ಒಂದೇ ಒಂದು. ನಮ್ಮ ದಿನದ ಸಮಿತಿಯ ಯಜಮಾನ ಸಿದ್ಧವೀರಪ್ಪ ಅದರ ಸುತ್ತ ಎರಡು ಸುತ್ತು ಬಂದು, ಯಂತ್ರ ಒಂದಾದರೂ ಒಳಗಿನ ಸಂಸಾರ ಎರಡಿರಬೇಕು ಎಂದು ತೀರ್ಪು ಕೊಟ್ಟರು. ಒಂದೇ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಎರಡೂ ದಿನದವರು ಕೆಲಸ ಮಾಡಿದರೆ ಒಬ್ಬರ ದಾಖಲೆಯ ಮೇಲೆ ಇನ್ನೊಬ್ಬರ ಕೈ ಬೀಳುತ್ತದಂತೆ. ಆದ್ದರಿಂದ ನಮಗೆ ಒಂದು ಸಿಸ್ಟಮ್, ಅವರಿಗೆ ಇನ್ನೊಂದು. ನಮ್ಮದು ದುಡ್ಡು ಕೊಟ್ಟು ತಂದದ್ದು. ಅವರು ಯಾವುದೋ ಪುಸ್ತಕ ಓದಿ, ಯಾರು ಬೇಕಾದರೂ ಬಳಸಬಹುದಾದ ಪುಕ್ಕಟೆಯದನ್ನೇ ಕೇಳಿದ್ದರು. ಎರಡೂ ಸಿಡಿಗಳು ಮೇಜಿನ ಡ್ರಾಯರಿಗೆ ಬಂದವು.

ಇದನ್ನೆಲ್ಲ ಹೊಂದಿಸಿಕೊಡಲು ಹೊರಗಿನಿಂದ ರಹಮತ್ ಎಂಬ ಮೆಕ್ಯಾನಿಕ್ಕು ಬಂದ. ಹೊರಗಿನವರು ದಿನಾ ಏಳುವ ಜನ, ಅವರ ಮುಖದಲ್ಲಿ ಅದರ ದಣಿವು ಕಾಣುತ್ತದೆ. ನಮ್ಮೂರಲ್ಲಿ ಒಂದು ರಾತ್ರಿ ಮಲಗಿದರೆ ತಾನು ಯಾವ ದಿನಕ್ಕೆ ಏಳುತ್ತೇನೋ ಎಂಬ ಭಯ ಅವನಿಗೆ, ಹಾಗಾಗಿ ಸಂಜೆಯ ಬಸ್ಸಿಗೆ ಹೊರಡಲೇಬೇಕು ಎಂದ. ಡಿಸ್ಕನ್ನು ಎರಡು ಪಾಲು ಮಾಡಿ ಈಚೆ ಪಾಲಿಗೆ ನಮ್ಮ ಸಿಸ್ಟಮ್ ಹಾಕಿದ. ಅವರದನ್ನು ಆಮೇಲೆಯೇ ಹಾಕಿಕೊಳ್ಳಬೇಕು, ಹಾಗೆ ಮಾಡಿದರೆ ಯಂತ್ರ ಆನ್ ಮಾಡಿದಾಗ ಎರಡೂ ಹೆಸರು ತೋರಿಸಿ ಯಾರು ಬೇಕು ಎಂದು ಕೇಳುತ್ತದೆ, ಹಿಂದುಮುಂದಾದರೆ ನಮ್ಮದು ಅವರದನ್ನು ಬಾಗಿಲ ಹಿಂದೆ ನೂಕಿಬಿಡುತ್ತದೆ ಎಂದು ವಿವರಿಸಿದ. ಅದೂ ಒಂದು ನಡುಹಲಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ ಎಂದು ನಾನು ಅರ್ಥಮಾಡಿಕೊಂಡೆ.

ಆಮೇಲೆ ಅವನು ಪರೀಕ್ಷೆಗೆಂದು ಏನಾದರೂ ಮಾತಾಡಿ ಎಂದ. ಏನು ಮಾತಾಡಲಿ ಎಂದೆ. ಒಂದು ಗುಂಡಿ ಒತ್ತಿದ, ಯಂತ್ರ ನನ್ನದೇ ದನಿಯಲ್ಲಿ ಏನು ಮಾತಾಡಲಿ ಎಂದಿತು. ಅವರ ದಿನ ಯಾರಾದರೂ ಇದರ ಮುಂದೆ ಮಾತಾಡಿದರೆ ನಮ್ಮ ದಿನ ಕೇಳಿಸಿಕೊಳ್ಳಬಹುದೇ ಎಂದು ಕೇಳಿದೆ. ಅವರ ಪಾಲಿನಲ್ಲಿ ಇಟ್ಟದ್ದು ನಮ್ಮ ಪಾಲಿಗೆ ಕಾಣುವುದಿಲ್ಲ ಎಂದ. ನನ್ನ ಮುಖ ನೋಡಿದನೋ ಏನೋ, ತಾನೇ ಹೇಳಿದ.

"ನಡುವೆ ಸಣ್ಣದಾಗಿ ಮೂರನೇ ಪಾಲು ಒಂದು ಮಾಡ್ಬೋದು ಅಮ್ಮಾ. ನಿಮ್ಮದೂ ಅಲ್ಲ, ಅವರದೂ ಅಲ್ಲ. ಮನೆ ಪಡಸಾಲೆ ಇದ್ದಂಗೆ. ಇಬ್ರೂ ಬಂದು ಹೋಗ್ಬೋದು."

ಸಿದ್ಧವೀರಪ್ಪನವರನ್ನು ಕೇಳಿದೆ. ಕೇಳಿದ್ದೇ ತಪ್ಪಾಯಿತು. ನಡುವೆ ಹಲಗೆ ಇರುತ್ತದೆ, ಪಡಸಾಲೆ ಇರುವುದಿಲ್ಲ, ಒಲೆಯನ್ನೂ ತೊಳೆದೇ ಕೈಬದಲಿಸುವ ಈ ಊರಲ್ಲಿ ಇಬ್ಬರದೂ ಆದ ವಸ್ತು ಅಂತ ಒಂದು ಸೂಜಿಯೂ ಇಲ್ಲ ಎಂದರು. ಅವರು ಊಟಕ್ಕೆ ಹೋದ ಮೇಲೆ ನಾನು ರಹಮತ್‌ಗೆ ಮಾಡಪ್ಪಾ ಎಂದೆ. ಅವನು ಮಾಡಿದ. ಅದಕ್ಕೆ ಪಡಸಾಲೆ ಎಂದೇ ಹೆಸರಿಟ್ಟೆ.

ಇಲ್ಲಿಂದ ಮುಂದಿನದು ನನ್ನ ಜಾಣತನದ ಕಥೆ. ಕಚೇರಿಯ ರಿಜಿಸ್ಟರಿನಲ್ಲಿ ಬೋರಲಿಂಗಯ್ಯನಿಗೆ ಏನು ಬರೆದರೂ ಸಿದ್ಧವೀರಪ್ಪ ಓದುತ್ತಾರೆ. ಅದಕ್ಕೇ ನಾನು ಗುಟ್ಟಿನದನ್ನೆಲ್ಲ ಪಡಸಾಲೆಯೊಳಗೇ ಇಟ್ಟೆ. ನಿಮ್ಮ ದಿನ ಹೊನ್ನಿಯನ್ನು ಈರಮ್ಮನ ಜೊತೆ ಕಚೇರಿಗೆ ಕರೆಸಿ, ಎರಡು ಮಾತು ಆಡಿಸಿ, ಇಲ್ಲೇ ಇಡಿ ಎಂದು ಅವನಿಗಾಗಿ ನನ್ನ ದನಿಯಲ್ಲೇ ಯಂತ್ರಕ್ಕೆ ತುಂಬಿಸಿದೆ. ಆಮೇಲೆ ಹೊನ್ನಿಗೆಂದು ಅರ್ಧ ಗಂಟೆ ಮಾತಾಡಿದೆ. ಏನು ಮಾತಾಡಿದೆ ಎಂದು ಇಲ್ಲಿ ಹೇಳುವುದಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಕಾಟಾಚಾರಕ್ಕೆ ಮೂರು ಸಾಲು ಗೀಚಿದೆ: 'ತಮ್ಮ ಸಿಡಿ ಡ್ರಾಯರಿನಲ್ಲಿದೆ. ಹಾಕಿದರೆ ಯಂತ್ರವೇ ಒಂದೊಂದಾಗಿ ಕೇಳುತ್ತದೆ, ಉತ್ತರ ಕೊಡುತ್ತಾ ಹೋಗುವುದು. ಶುಚಿ ಮಾಡಿಕೊಂಡು ಕೂರುವುದು.' ಆ ಸಂಜೆ ಹೊನ್ನಿಯ ಪಕ್ಕ ಮಲಗುವಾಗ ಇನ್ನೊಂದು ಸರದಿ, ಇನ್ನೊಂದೇ ಸರದಿ ಎಂದುಕೊಂಡೆ.

ನಮ್ಮ ಮುಂದಿನ ದಿನ ಮುಖವನ್ನೂ ಸರಿಯಾಗಿ ತೊಳೆಯದೆ ಕಚೇರಿಗೆ ಓಡಿದೆ. ಯಂತ್ರ ಆನ್ ಮಾಡಿದೆ. ಎರಡು ಹೆಸರು ಬರಲಿಲ್ಲ. ನಾನು ಕಂಡಿರದ ಬಣ್ಣದ ಪರದೆಯೊಂದು ಬಂತು, ಅದರ ಮೇಲೆ ಬೋರಲಿಂಗಯ್ಯನ ಹೆಸರು, ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಜಾಗ. ನನ್ನ ಪಾಲು ಇಲ್ಲ. ಪಡಸಾಲೆ ಇಲ್ಲ. ರಿಜಿಸ್ಟರು ತೆಗೆದೆ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಆ ಮನುಷ್ಯ ಬರೆದಿದ್ದ: 'ಯಂತ್ರ ಎರಡು ದಾರಿ ತೋರಿಸಿತು. ಹಿಂದಿನದರ ಜೊತೆಗೆ ಹಾಕಲೋ, ಅಥವಾ ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕಲೋ ಎಂದು ಕೇಳಿತು. ತಾವು ತಿಳಿಸಿದಂತೆ ಶುಚಿ ಮಾಡಿಕೊಂಡು ಕೂತೆನು. ಕೆಲಸ ಸುಸೂತ್ರವಾಯಿತು. ತಾವೂ ಶುಚಿ ಮಾಡಿಕೊಂಡು ಕೂರುವುದು.'

ನನ್ನ ಮೈಯೆಲ್ಲ ಕೆಂಡವಾಯಿತು. ಆಹಾ, ಎಂಥ ವಿನಯ! ಅವನ ಲೆಕ್ಕದಲ್ಲಿ ನಾನು ಈಗ ಅವನದನ್ನು ಅಳಿಸಿ ನನ್ನದನ್ನು ಹಾಕಬೇಕು, ಮರುದಿನ ಅವನು ನನ್ನದನ್ನು ಅಳಿಸಿ ತನ್ನದನ್ನು ಹಾಕಬೇಕು. ಹೀಗೇ ಇಬ್ಬರೂ ಸಾಯುವವರೆಗೆ ಸಾರಿಸುತ್ತ ಕೂತರೆ ಊರು ಉದ್ಧಾರವಾಗುತ್ತದೆ. ಸಿಟ್ಟಿಗೆ ಅದನ್ನೇ ಮಾಡೋಣ ಎಂದು ಡ್ರಾಯರಿನಿಂದ ನಮ್ಮ ಸಿಡಿ ತೆಗೆದೂ ತೆಗೆದೆ. ತೆಗೆದು ಅಲ್ಲೇ ಎಸೆದು, ಬಾಗಿಲು ಹಾಕಿಕೊಂಡು ಅವನ ಮನೆಗೆ ಹೊರಟೆ.

ಅವನು ನಡುಮನೆಯ ಮಂಚದ ಮೇಲೆ, ಎದೆಯ ಮೇಲೆ ಕೈ ಜೋಡಿಸಿಕೊಂಡು ಮಲಗಿದ್ದ. ಬೋಳುತಲೆ, ನರೆತ ಹುಬ್ಬು, ಮಲಗುವಾಗಲೂ ಅಂಗಿಯ ಗುಂಡಿ ಕತ್ತಿನವರೆಗೆ. ನಾನು ಮಂಚದ ಪಕ್ಕ ನಿಂತು ಬಾಯಿಗೆ ಬಂದಂತೆ ಬೈದೆ. ನಿನ್ನ ಶುಚಿಗೆ ಬೆಂಕಿ ಬೀಳ ಎಂದೆ. ಓದು ಬರಹ ಕಲಿತು ತಲೆಯನ್ನು ಅಡವಿಟ್ಟಿದ್ದೀಯಾ ಎಂದೆ. ಎರಡು ವರ್ಷ ಕಾದದ್ದನ್ನು ಒಂದು ಗುಂಡಿ ಒತ್ತಿ ಒರೆಸಿದೆಯಲ್ಲೋ ಎನ್ನುವಾಗ ಅಳುವೂ ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಅವನು ಉಸಿರಾಡುತ್ತಲೇ ಇದ್ದ. ಆ ಮನೆಯ ನಮ್ಮ ದಿನದ ಹೆಂಗಸು ಕೆಂಪಕ್ಕ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿ, ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

"ಬಯ್ಯಿ ತಾಯಿ, ಎದೆ ಹಗುರಾಗ್ಲಿ," ಎಂದಳು. "ಆದ್ರೆ ಇಪ್ಪತ್ತು ವರ್ಷದಲ್ಲಿ ಈ ಯಪ್ಪ ಒಲೆ ಮೇಲೆ ಚಿಟಿಕೆ ಬೂದಿ ಬಿಟ್ಟೋರಲ್ಲ. ಹೇಳ್ದಷ್ಟು ಮಾಡ್ತಾರೆ, ಹೇಳ್ದಂಗೇ ಮಾಡ್ತಾರೆ. ಅವ್ರಿಗೆ ನೀನು ಏನಂತ ಹೇಳಿದ್ದೆ?"

ಲೋಟ ಕೆಳಗಿಟ್ಟೆ. ನಾನು ಹೇಳಿದ್ದೇನು? ಹೇಳಬೇಕಾದದ್ದನ್ನೆಲ್ಲ ಬಚ್ಚಿಟ್ಟು, ಅರ್ಥವಿಲ್ಲದ ಆ ಒಂದು ಸಾಲನ್ನು ಮಾತ್ರ ಅವನ ಕೈಗೆ ಕೊಟ್ಟಿದ್ದೆ. ಮನೆಯೊಳಗೆ ಕೀಲಿಕೈ ಬಿಟ್ಟು ಹೊರಗಿನಿಂದ ಬೀಗ ಒತ್ತಿದವಳು ನಾನೇ. ಇದನ್ನು ಒಪ್ಪಿಕೊಂಡದ್ದರಿಂದ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆಗೆ ತಿರುಗಿತು ಅಷ್ಟೆ. ನಾನು ಬಚ್ಚಿಡುವ ಹಾಗೆ ಮಾಡಿದವರು ಯಾರು? ಹೆತ್ತ ಮಗಳ ದನಿ ಕೇಳಬೇಕೆಂದು ಬಾಯಿಬಿಟ್ಟು ಬರೆಯಲು ನಾನೇನು ಕಳ್ಳತನಕ್ಕೆ ಹೊರಟಿದ್ದೆನೇ?

ಕಚೇರಿಗೆ ವಾಪಸು ಬಂದು ರಿಜಿಸ್ಟರು ಬಿಡಿಸಿದೆ. ರಿಜಿಸ್ಟರಿಗೆ ಸಮಿತಿ ಹಾಕಿದ್ದ ಹತ್ತು ಸಾಲಿನ ಮಿತಿಯನ್ನು ಮೊದಲ ಉಸಿರಿಗೇ ದಾಟಿದೆ. ಮೂರು ಪುಟ ಬರೆದೆ. ಯಂತ್ರದಲ್ಲಿ ಪಡಸಾಲೆ ಮಾಡಿಸಿದ್ದೆ ಎಂದು ಬರೆದೆ, ಅದರಲ್ಲಿ ಏನಿತ್ತು ಎಂದು ಬರೆದೆ, ತಾವು ಅಳಿಸಿದ್ದು ಯಾವುದನ್ನು ಎಂದು ಬರೆದೆ. ರಹಮತ್ ಹೇಳಿದ ಕ್ರಮವನ್ನೂ ಒಂದಕ್ಷರ ಬಿಡದೆ ಇಳಿಸಿದೆ. ಕೊನೆಗೆ, ನನ್ನ ಮಗಳ ದನಿ ನನಗೆ ಬೇಕು, ಇದರಲ್ಲಿ ಮುಚ್ಚುಮರೆ ಇಲ್ಲ ಎಂದು ಬರೆದು ಸಹಿ ಹಾಕಿದೆ: ಚೆನ್ನಾಜಮ್ಮ. ಶುಚಿಯ ಸಾಲನ್ನು ಬರೆಯಲಿಲ್ಲ.

ಮಧ್ಯಾಹ್ನ ಸಿದ್ಧವೀರಪ್ಪ ಬಂದರು, ನಿಂತುಕೊಂಡೇ ಮೂರೂ ಪುಟ ಓದಿದರು. ಅವರು ಕೂಗಾಡುವ ಮನುಷ್ಯರಲ್ಲ. ನಡುಹಲಗೆ ಇಲ್ಲದ ಕಾಲದಲ್ಲಿ ಮೊದಲು ಎದ್ದವರು ಉಂಡು, ಮರುದಿನ ಎದ್ದವರು ಖಾಲಿ ಮಡಕೆ ನೋಡುತ್ತಿದ್ದರಂತೆ, ಅವರ ಮುತ್ತಜ್ಜಿ ಹಾಗೆ ಹಸಿದೇ ಸತ್ತಳಂತೆ. ಇವತ್ತು ಪಡಸಾಲೆ ಎಂದು ಒಳಗೆ ಬಿಟ್ಟರೆ ಇನ್ನೊಂದು ದಿನ ಅಡುಗೆಮನೆಗೇ ಬರುತ್ತದೆ ಎಂದರು. ಅದು ಸುಳ್ಳೆಂದು ನಾನೂ ಹೇಳಲಾರೆ.

"ಈ ಹಾಳೆ ಹರಿದು ಹಾಕು ಚೆನ್ನಾಜಮ್ಮ," ಎಂದರು. "ಹೊರಳಿದ ಮಗು ಅವರ ಪಾಲು. ಅದು ಹಿಂದಿನಿಂದ ನಡ್ಕೊಂಡು ಬಂದದ್ದು."

"ಮಗು ಅಕ್ಕಿ ಅಲ್ಲ ಯಜಮಾನ್ರೇ, ಹಲಗೆ ಇಟ್ಟು ಪಾಲು ಹಾಕೋಕೆ. ನಿಮ್ಮ ಮುತ್ತಜ್ಜಿ ಒಂದು ಸಲ ಹಸಿದು ಸತ್ರು. ನಾನು ಎರಡು ವರ್ಷದಿಂದ ಹಸಿದೇ ಏಳ್ತಾ ಇದೀನಿ."

ಅವರು, ನಮ್ಮ ಮುಂದಿನ ದಿನ ಬರುವಷ್ಟರಲ್ಲಿ ಈ ಹಾಳೆ ಇರಬಾರದು, ಇದ್ದರೆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದು ಹೇಳಿ ಹೋದರು. ನಾನು ಹಾಳೆ ಹರಿಯಲಿಲ್ಲ. ರಿಜಿಸ್ಟರನ್ನು ಅದೇ ಪುಟಕ್ಕೆ ಬಿಡಿಸಿಟ್ಟು, ಗಾಳಿಗೆ ಮಗುಚದ ಹಾಗೆ ಮೇಲೆ ಕಲ್ಲು ಹೇರಿ ಬಂದೆ.

ಮುಂದಿನ ಸರದಿ ನಾನು ಹೋಗುವಷ್ಟರಲ್ಲಿ ಸಿದ್ಧವೀರಪ್ಪ ಬಾಗಿಲಲ್ಲೇ ನಿಂತಿದ್ದರು. ಜೊತೆಗೆ, ನನ್ನ ಕುರ್ಚಿಗೆಂದು ಕರೆತಂದಿದ್ದ ಅವರ ಷಡ್ಡಕ. ಮೂವರೂ ಒಳಗೆ ಹೋದೆವು. ಯಂತ್ರ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬಂದವು, ಮೇಲಿನದು ನಮ್ಮದು. ರಿಜಿಸ್ಟರಿನಲ್ಲಿ ನನ್ನ ಮೂರು ಪುಟದ ಕೆಳಗೆ ಆ ಮುತ್ತಿನ ಅಕ್ಷರಗಳು. ನಾನು ಗಟ್ಟಿಯಾಗಿ ಓದಿದೆ.

'ತಾಯಿ, ತಿಳಿಯದೆ ಒರೆಸಿದೆನು. ಆದರೆ ಮೊದಲೇ ಇಷ್ಟು ಬರೆದಿದ್ದರೆ ಇಷ್ಟಾಗುತ್ತಿರಲಿಲ್ಲ, ಅದಕ್ಕಾಗಿ ನನಗೂ ತಮ್ಮ ಮೇಲೆ ಬೇಸರವಿದೆ. ತಮ್ಮದನ್ನು ಮೊದಲು, ನಮ್ಮದನ್ನು ಆಮೇಲೆ ಹಾಕಿರುವೆನು. ಎರಡು ಸಲ ತಪ್ಪಿ ಮೂರನೆಯ ಸಲ ಕೂತಿತು. ಪಡಸಾಲೆಯನ್ನು ನಮ್ಮ ಪಾಲಿನ ಜಾಗದಲ್ಲೇ ಕತ್ತರಿಸಿ ಮಾಡಿದೆ. ಹಲಗೆ ತಮ್ಮ ಕಡೆಗೆ ಒಂದು ಕೂದಲಿನಷ್ಟೂ ಸರಿದಿಲ್ಲ. ನಮ್ಮ ದಿನದ ಸಮಿತಿಗೆ ಉತ್ತರ ಹೇಳುವವನು ನಾನು. ಮಗು ಬಂದಿತ್ತು. ದಯವಿಟ್ಟು ಇದನ್ನು ಶುಚಿ ಮಾಡಬಾರದು.'

ಸಿದ್ಧವೀರಪ್ಪ ರಿಜಿಸ್ಟರನ್ನು ಕಿತ್ತುಕೊಂಡು ತಾವೇ ಇನ್ನೊಮ್ಮೆ ಓದಿದರು. ಆಚೆ ದಿನದವರು ತಮ್ಮ ಪಾಲನ್ನು ಏನು ಮಾಡಿಕೊಂಡರೂ ಕೇಳುವ ಅಧಿಕಾರ ನಮ್ಮ ಸಮಿತಿಗಿಲ್ಲ, ಅದು ಸಿದ್ಧವೀರಪ್ಪನವರೇ ಕಾಯುವ ಕಟ್ಟಳೆ. ನನ್ನ ಹಾಳೆಯ ಮೇಲೆ ಈಗ ಆಚೆಯವರ ಬರಹವೂ ಇದ್ದುದರಿಂದ ಅದನ್ನು ಹರಿಯುವಂತೆಯೂ ಇಲ್ಲ. ಷಡ್ಡಕನನ್ನು ಕರೆದುಕೊಂಡು ಹೊರಟರು. ನಾನು ಅಗುಳಿ ಹಾಕಿ ಬಂದು ಕೂತೆ.

ಪಡಸಾಲೆಯಲ್ಲಿ ಒಂದೇ ಒಂದು ವಸ್ತು ಇತ್ತು. ಒತ್ತಿದೆ. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಒಂದು ಒರಟು ದನಿ, ಇದರೊಳಗೆ ಮಾತಾಡಿದರೆ ಸಾಕಾ ಎಂದು ಕೇಳಿತು. ಯಾರದೋ ಬೇರೆ ಮಗುವನ್ನು ಕರೆತಂದಿದ್ದಾರೆ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಅಂದುಕೊಂಡೆ. ಹೆತ್ತ ಮಗಳ ದನಿ ನನಗೆ ಗುರುತು ಸಿಗಲಿಲ್ಲ. ಅವಳು ಅಮ್ಮಾ ಎಂದ ಮೇಲೆಯೇ ಗೊತ್ತಾದದ್ದು.

"ಅಮ್ಮಾ, ನಾನು ನಿನ್ ಪಕ್ಕಾನೇ ಎದ್ದೇಳ್ತೀನಿ. ಎದ್ದಾಗೆಲ್ಲ ನಿನ್ನ ಅಲ್ಲಾಡಿಸ್ತೀನಿ. ಒಂದ್ಸಲಾನೂ ಕಣ್ಬಿಡಲ್ಲ ನೀನು. ಮಲಗ್ಲಿ ಬಿಡು ಅಂತಾಳೆ ಈರವ್ವ. ಯಾಕೆ ಮಲಗ್ಬೇಕು? ಎಲ್ರ ಅಮ್ಮಂದಿರೂ ಎದ್ದಿರ್ತಾರೆ. ನಂಗೆ ನಿನ್ ಮೇಲೆ ಸಿಟ್ಟು ಬಂದೈತೆ. ಯಾಕೆ ಏಳಲ್ಲ, ಹೇಳು."

ಆಮೇಲೆ ಮಾತಿಲ್ಲ. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಉತ್ತರಕ್ಕೆ ಕಾಯುತ್ತಿದ್ದಳು. ಎಷ್ಟೋ ಹೊತ್ತು ಕಾದಳು. ಹೇಳ್ತಾನೇ ಇಲ್ಲ ಎಂದು ಯಾರಿಗೋ ದೂರಿದಳು. ಒಬ್ಬ ಗಂಡಸು, ಬೋರಲಿಂಗಯ್ಯನೇ ಇರಬೇಕು, ಮೆಲ್ಲಗೆ ಸಮಾಧಾನ ಮಾಡಿದ.

"ಈಗಲೇ ಅಲ್ಲ ಮಗಾ. ನಾಳೆ ಅವ್ರು ಕೇಳಿಸ್ಕೊಂಡು ಹೇಳ್ತಾರೆ."

"ನಾಳೆ ನಾನು ಮಲಗಿರ್ತೀನಲ್ಲ."

ಅಲ್ಲಿಗೆ ಮುಗಿಯಿತು. ನಾನು ಉತ್ತರ ಹೇಳಲೆಂದು ಗುಂಡಿ ಒತ್ತಿ ಕೂತೆ. ಮಧ್ಯಾಹ್ನದವರೆಗೂ ಆ ಯಂತ್ರ ನನ್ನ ಉಸಿರನ್ನೇ ತುಂಬಿಕೊಂಡಿತು.